ಕಾರು ಕ್ಲಬ್ ಕಟ್ಟಿದ್ದೀರಾ? ಊರಿನವರ ಬಾಯಿಗೆ ಬೀಳದೆ ನಡೆಸೋದು ಹೀಗೆ

ದಾವಣಗೆರೆಯಲ್ಲಿ ಕಾರು ಕ್ಲಬ್ ಅಂದರೆ ಸಾಕು, ಜನ ಮುಖ ಸಿಂಡರಿಸುತ್ತಾರೆ. ಅಪ್ಪನ ದುಡ್ಡು, ಡಬ್ ಡಬ್ ಸೈಲೆನ್ಸರ್, ಭಾನುವಾರ ಬೆಳಗಿನ ನಿದ್ದೆ ಹಾಳು. ಹಳೇ ಮಾರುತಿ 800, ಕಾಂಟೆಸಾ ಸಾಕಿಕೊಂಡಿರುವ ನಮ್ಮಂಥವರನ್ನೂ ಅದೇ ಗುಂಪಿಗೆ ಸೇರಿಸಿಬಿಡುತ್ತಾರೆ. ಕೋಪ ಮಾಡ್ಕೊಂಡು ಪ್ರಯೋಜನ ಇಲ್ಲ. ನಿಮ್ಮ ಕಾರ್ಬುರೇಟರ್ ಎಷ್ಟು ಚೆನ್ನಾಗಿ ಟ್ಯೂನ್ ಆಗಿದೆ ಅಂತ ಊರಿಗೆ ಗೊತ್ತಾಗಲ್ಲ, ರಸ್ತೆಯಲ್ಲಿ ನೀವು ಹೇಗೆ ಹೋದಿರಿ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಮೊದಲು ಸದ್ದು. ಸೈಲೆನ್ಸರ್ ಕಟ್-ಔಟ್, ಅಂದರೆ ಹೊಗೆಯನ್ನು ಸೈಲೆನ್ಸರ್ ತಪ್ಪಿಸಿ ಹೊರಗೆ ಬಿಡುವ ವ್ಯವಸ್ಥೆ, ಇರುವ ಗಾಡಿಯನ್ನು ಕ್ಲಬ್ಬಿಗೆ ಸೇರಿಸಿಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಅದಕ್ಕೆ ಮೊದಲ ಸಲ 1000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ 2000. ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬೆಳಿಗ್ಗೆ ಸೇರುವುದಾದರೆ ಮನೆ, ಆಸ್ಪತ್ರೆ ಇಲ್ಲದ ಕಡೆ ಸೇರಿ. ಬಂದವರು ಎಂಜಿನ್ ಆಫ್ ಮಾಡಿ ಮಾತಾಡಲಿ. ಸುಮ್ನೆ ರೇಸ್ ಕೊಟ್ಟು ತೋರಿಸುವ ಒಬ್ಬ ಸಾಕು, ಎಲ್ಲರ ಮರ್ಯಾದೆ ತೆಗೆಯೋಕೆ.

ಹೊರಟ ಮೇಲೆ ನಾಲ್ಕು ನಾಲ್ಕು ಕಾರಿನ ತಂಡ ಮಾಡಿ, ನಡುವೆ ಒಂದು ಬಸ್ಸು ನುಗ್ಗುವಷ್ಟಲ್ಲ, ಆರಾಮಾಗಿ ಸೇರಿಕೊಳ್ಳುವಷ್ಟು ಜಾಗ ಬಿಡಿ. ಹೆದ್ದಾರಿ 48ರಲ್ಲಿ ಎರಡು ಲೇನ್ ಹಿಡಿದು ಸಮಸಮ ಹೋಗೋದು ವಿಡಿಯೋದಲ್ಲಿ ಚೆಂದ, ಹಿಂದೆ ಸಿಕ್ಕಿಕೊಂಡ ಆಂಬುಲೆನ್ಸಿಗೆ ಅಲ್ಲ.

ನಮ್ಮ ಸೀಮೆಯಲ್ಲಿ ನಿಜವಾದ ಪರೀಕ್ಷೆ ಮೆಕ್ಕೆಜೋಳದ ಸುಗ್ಗಿಯಲ್ಲಿ. ಸೂಳೆಕೆರೆ ಕಡೆ ಹೊರಟರೆ ಹಳ್ಳಿ ರಸ್ತೆಯ ಅರ್ಧಕ್ಕೆ ಕಾಳು ಹರಡಿರುತ್ತದೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ರಸ್ತೆ ಒಣಗಿಸೋಕಾ ಇರೋದು ಅಂತ ವಾದ ಮಾಡಬಹುದು. ಮಾಡಬೇಡಿ, ಅದು ಅವರ ವರ್ಷದ ದುಡಿಮೆ. ಮುಂದಿನ ಕಾರಿನವನು ಇಳಿದು ಕೇಳಲಿ. ನಮ್ಮ ಹುಡುಗ ಹೋದ ಸುಗ್ಗಿಯಲ್ಲಿ ಕೇಳಿದ್ದು ಇಷ್ಟೇ: "ಯಜಮಾನ್ರೇ, ಈ ಕಡೆಯಿಂದ ಹೋಗ್ಲಾ?" ಆ ಅಜ್ಜ ಕಲ್ಲು ಪಕ್ಕಕ್ಕೆ ಸರಿಸಿ, "ಹೋಗಪ್ಪಾ, ಮೆಲ್ಲಕ. ಕಾಳು ಸಿಡೀಬಾರ್ದು ನೋಡು" ಅಂದ. ಕೊನೆಯ ಕಾರಿನ ಡಿಕ್ಕಿಯಲ್ಲಿ ಒಂದು ಪೊರಕೆ ಇರಲಿ. ಚಕ್ರಕ್ಕೆ ಸಿಕ್ಕಿ ಚದುರಿದ ಕಾಳನ್ನು ಗುಡಿಸಿ ರಾಶಿಗೆ ಸೇರಿಸಿ ಬರಬೇಕು. ಅಜ್ಜ ನಮ್ಮ ಪೊರಕೆ ನೋಡಿ ನಕ್ಕು, ಬಾನೆಟ್ ತೆಗೆಸಿ ಕಾಂಟೆಸಾದ ಎಂಜಿನ್ ನೋಡಿದ. ಆ ಊರಿನಲ್ಲಿ ಈಗ ನಮಗೆ ಕುಡಿಯಲು ನೀರು ಕೇಳುವಷ್ಟು ಸಲುಗೆ ಇದೆ.

ಅದೇ ಡಿಕ್ಕಿಯಲ್ಲಿ ಎಳೆಯುವ ಹಗ್ಗ, ಗಾಳಿ ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇರಲಿ. ದಾರಿಯಲ್ಲಿ ಯಾರದೇ ಗಾಡಿ ಕೆಟ್ಟು ನಿಂತಿದ್ದರೂ ನಿಲ್ಲಿಸಿ. ಅಪಘಾತದಲ್ಲಿ ಒಳ್ಳೇ ಮನಸ್ಸಿನಿಂದ ನೆರವಾದವರಿಗೆ ಕಾಯ್ದೆಯ 134ಎ ರಕ್ಷಣೆ ಕೊಡುತ್ತದೆ, ಹೆದರಬೇಕಿಲ್ಲ. ಹಣ್ಣು ಹಂಚಿ ಹತ್ತು ಜನ ಫೋಟೋಗೆ ನಿಲ್ಲೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಬೆಣ್ಣೆ ದೋಸೆಗೆ ಎಲ್ಲರೂ ಒಂದೇ ಹೋಟೆಲಿಗೆ ನುಗ್ಗಬೇಡಿ. ಎರಡೆರಡು ಕಾರಾಗಿ ಹಂಚಿಕೊಂಡು ಹೋಗಿ, ಪಕ್ಕದ ಅಂಗಡಿಯ ಬಾಗಿಲು ಬಿಟ್ಟು ನಿಲ್ಲಿಸಿ. ದುರ್ಗದ ಕೋಟೆ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವ ಆಸೆ ಇದ್ದರೆ ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲೇ ಮುಗಿಸಿ. ಮಕ್ಕಳು ಕಾರು ಮುಟ್ಟಿದರೆ ಗದರಬೇಡಿ, ಸ್ಟೀರಿಂಗ್ ಹಿಂದೆ ಕೂರಿಸಿ.

ರೀಲ್ಸ್ ವಿಷಯ. ಸ್ಪೀಡೋಮೀಟರ್ ತೋರಿಸುವ ವಿಡಿಯೋ ಕ್ಲಬ್ ಹೆಸರಲ್ಲಿ ಬೇಡವೇ ಬೇಡ. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ತಪ್ಪಿಗೇ 5000 ರೂಪಾಯಿವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಸಾಕ್ಷಿಯನ್ನು ನೀವೇ ಹಂಚಿದ ಹಾಗಾಗುತ್ತದೆ.

ಯಾರಾದರೂ ಬೈದರೆ ವಾಟ್ಸಾಪ್ ಗ್ರೂಪಿನಲ್ಲಿ ಪಂಚಾಯ್ತಿ ಬೇಡ. ಆ ಕಾರಿನವನನ್ನು ಒಬ್ಬ ಹಿರಿಯ ಸದಸ್ಯ ಕರೆದುಕೊಂಡು ಹೋಗಿ ಬೈದವರ ಎದುರೇ ಕೂರಿಸಲಿ. ಮತ್ತೆ ಅದೇ ದೂರು ಬಂದರೆ ಕ್ಲಬ್ ಸ್ಟಿಕರ್ ಕಿತ್ತುಬಿಡಿ. ಹೇರ್ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿದರೆ ಗಾಜಿಗೆ ಅಂಟು ಉಳಿಯದ ಹಾಗೆ ಬರುತ್ತದೆ.