ಕುರಿಗೆ ನೆಕ್ಕುವ ಇಟ್ಟಿಗೆ: ಕಟ್ಟುವುದು ಸುಲಭ, ತೂಗಿ ನೋಡುವುದೇ ಕೆಲಸ

ದೊಡ್ಡಿಯ ಕಂಬಕ್ಕೆ ಒಂದು ಖನಿಜ ಇಟ್ಟಿಗೆ ಕಟ್ಟಿ, ಅದು ಸವೆದ ಮೇಲೆ ಇನ್ನೊಂದು ಕಟ್ಟಿದರೆ ಆಯಿತು ಅಂದುಕೊಂಡವರು ತುಂಬಾ ಜನ. ಹತ್ತು ಹದಿನೈದು ಕುರಿ ಸಾಕಿದವರನ್ನು ‘ದಿನಕ್ಕೆ ಒಂದು ಕುರಿ ಎಷ್ಟು ನೆಕ್ಕುತ್ತದೆ’ ಅಂತ ಕೇಳಿ ನೋಡಿ. ‘ಅದಕ್ಕೆ ಬೇಕಾದಷ್ಟು’ ಅನ್ನುತ್ತಾರೆ. ಈ ಉತ್ತರ ಕೇಳಿದಾಗೆಲ್ಲ ನನಗೆ ಭಯವಾಗುತ್ತದೆ. ಕುರಿಗೆ ಏನು ಬೇಕು ಅನ್ನುವುದು ಕುರಿಗೇ ಗೊತ್ತು ಅನ್ನುವ ಮಾತು ಉಪ್ಪಿನ ಮಟ್ಟಿಗೆ ಮಾತ್ರ ನಿಜ. ಮೈಯಲ್ಲಿ ಉಪ್ಪು ಕಡಿಮೆಯಾದರೆ ಅದು ಹುಡುಕಿಕೊಂಡು ಹೋಗಿ ನೆಕ್ಕುತ್ತದೆ. ಕೋಬಾಲ್ಟ್ ಅಥವಾ ಸತು ಕಡಿಮೆಯಾದರೆ ಹಾಗೆ ಅಳೆದು ತಿನ್ನುವುದು ಅದಕ್ಕೆ ಬರುವುದಿಲ್ಲ. ಉಪ್ಪಿನ ಆಸೆಗೆ, ಕಾಕಂಬಿಯ (ಸಕ್ಕರೆ ಮಾಡುವಾಗ ಉಳಿಯುವ ಗಟ್ಟಿ ಪಾಕ) ಸಿಹಿಗೆ ನೆಕ್ಕುತ್ತದೆ. ಉಳಿದದ್ದೆಲ್ಲ ಅದರ ಜೊತೆಗೆ ಒಳಗೆ ಹೋಗುತ್ತದೆ. ಎಷ್ಟು ಹೋಯಿತು ಅಂತ ನೋಡಬೇಕಾದವರು ನಾವು.

ಮೊದಲು: ಯಾವುದು ಬೇಕು ಅಂತ ತೀರ್ಮಾನ ಮಾಡಿ

ನೆಕ್ಕಿಸುವುದರಲ್ಲಿ ಎರಡು ಬಗೆ. ಒಂದು ಉಪ್ಪು ಮತ್ತು ಖನಿಜದ್ದು, ಇದು ವರ್ಷವಿಡೀ ಇದ್ದರೂ ಸರಿ. ಇನ್ನೊಂದು ಯೂರಿಯಾ, ಕಾಕಂಬಿ, ಖನಿಜ ಸೇರಿಸಿ ಮಾಡಿದ ಇಟ್ಟಿಗೆ, ಇದು ಒಣಮೇವಿನ ಕಾಲಕ್ಕೆ ಮಾತ್ರ. ಹುಲ್ಲು ಒಣಗಿದ ಮೇಲೆ ಅದರಲ್ಲಿ ನಾರು ಉಳಿಯುತ್ತದೆ, ಪ್ರೋಟೀನ್ ಇಳಿದುಹೋಗುತ್ತದೆ. ಕುರಿಯ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲದೆ ಅವು ಕೆಲಸ ನಿಧಾನ ಮಾಡುತ್ತವೆ. ಒಳಗೆ ಹೋದ ಮೇವು ಕರಗದೆ ಹಾಗೇ ಕೂತಿರುತ್ತದೆ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈ ಮಾತ್ರ ಇಳಿಯುತ್ತಾ ಹೋಗುತ್ತದೆ. ಯೂರಿಯಾ ಆ ಜೀವಿಗಳಿಗೆ ಸಾರಜನಕ ಕೊಡುತ್ತದೆ, ಕಾಕಂಬಿ ಶಕ್ತಿ ಕೊಡುತ್ತದೆ, ಅವು ಮತ್ತೆ ನಾರು ಕರಗಿಸಲು ಶುರು ಮಾಡುತ್ತವೆ. ಅಂದರೆ ತಿನ್ನಲು ಒಣಮೇವು ಇರಲೇಬೇಕು. ಮೇವೇ ಇಲ್ಲದ ದೊಡ್ಡಿಯಲ್ಲಿ ಯೂರಿಯಾ ಇಟ್ಟಿಗೆ ಕಟ್ಟುವುದು ಕುರಿಗೆ ವಿಷ ಕೊಟ್ಟ ಹಾಗೆ.

ಹಸಿರು ಚೆನ್ನಾಗಿದ್ದರೆ ಯೂರಿಯಾ ಬೇಡ. ಆರು ತಿಂಗಳೊಳಗಿನ ಮರಿಗಳಿಗೂ ಬೇಡ. ಈ ಎರಡರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಕುರಿಯ ಸ್ಥಿತಿ ತಿಳಿಯಲು ಕಣ್ಣನ್ನು ನಂಬಬೇಡಿ, ಉಣ್ಣೆ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಮೂಳೆಯ ಮೇಲೆ ಕೈ ಇಟ್ಟು ಒತ್ತಿ. ಮೂಳೆ ಚೂಪಾಗಿ ಸಿಕ್ಕಿದರೆ ಕುರಿ ಬಡಕಲಾಗಿದೆ. ಅಂಥದ್ದಕ್ಕೆ ಇಟ್ಟಿಗೆಗಿಂತ ಮೊದಲು ಹಿಂಡಿ, ಕಾಳು, ಒಳ್ಳೆಯ ಮೇವು ಬೇಕು. ಗಬ್ಬದ ಕುರಿಗೂ ಅಷ್ಟೇ. ಹೊಟ್ಟೆಯಲ್ಲಿರುವ ಮರಿ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಆ ಹೊತ್ತಿನ ಹಸಿವನ್ನು ಯಾವ ಇಟ್ಟಿಗೆಯೂ ತೀರಿಸುವುದಿಲ್ಲ.

ಎರಡನೆಯದು: ಚೀಟಿ ಓದಿ, ತಾಮ್ರ ಹುಡುಕಿ

‘ಎಲ್ಲ ಜಾನುವಾರುಗಳಿಗೆ’ ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ. ದನಗಳಿಗೆ ಮಾಡಿದ ಇಟ್ಟಿಗೆಯಲ್ಲಿ ತಾಮ್ರ ಜಾಸ್ತಿ ಇರುತ್ತದೆ. ದನ ಅದನ್ನು ತಡೆದುಕೊಳ್ಳುತ್ತದೆ, ಕುರಿಗೆ ಆಗುವುದಿಲ್ಲ. ಹೆಚ್ಚಿನ ತಾಮ್ರವನ್ನು ಹೊರಗೆ ಹಾಕುವುದು ಕುರಿಯ ಪಿತ್ತಜನಕಾಂಗಕ್ಕೆ ಸರಿಯಾಗಿ ಬರುವುದಿಲ್ಲ, ಕೂಡಿಡುತ್ತಾ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ದಿನ ದೂರದ ನಡಿಗೆಯೋ, ಮೇವಿನ ಕೊರತೆಯೋ, ಮರಿ ಹಾಕುವ ಆಯಾಸವೋ ನೆಪವಾಗಿ ಆ ತಾಮ್ರವೆಲ್ಲ ಒಟ್ಟಿಗೆ ರಕ್ತಕ್ಕೆ ಬಂದುಬಿಡುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ. ಕಣ್ಣು, ವಸಡು ಹಳದಿಯಾಗುತ್ತವೆ, ಮೂತ್ರ ಕೆಂಪಗೋ ಕಪ್ಪಗೋ ಬರುತ್ತದೆ, ಒಂದೆರಡು ದಿನದಲ್ಲಿ ಕುರಿ ಹೋಗುತ್ತದೆ. ನಿನ್ನೆ ತಿಂದ ಸೊಪ್ಪಿನ ಮೇಲೆ ಅನುಮಾನ ಪಡುತ್ತೇವೆ, ಕಾರಣ ನೋಡಿದರೆ ಮೂರು ತಿಂಗಳ ಹಿಂದೆ ಕಟ್ಟಿದ ಇಟ್ಟಿಗೆ. ಕುರಿ ತಿನ್ನುವ ಎಲ್ಲ ಆಹಾರ ಸೇರಿ, ಒಣ ತೂಕದ ಕಿಲೋಗೆ 15 ಮಿಲಿಗ್ರಾಂ ತಾಮ್ರ ದಾಟಬಾರದು ಅನ್ನುವುದು ಸುರಕ್ಷಿತ ಲೆಕ್ಕ. ಕಾಲುಹುಣ್ಣಿಗೆ ಅಂತ ಮನೆಯಲ್ಲಿಟ್ಟ ಮೈಲುತುತ್ತವನ್ನು ಚಿಟಿಕೆ ಬೆರೆಸುವ ಅಭ್ಯಾಸ ಕೆಲವರಿಗಿದೆ. ಅದು ಶುದ್ಧ ತಾಮ್ರದ ಉಪ್ಪು. ದಯವಿಟ್ಟು ಬೇಡ.

ಟಗರು ಮತ್ತು ಬೀಜ ಒಡೆಸಿದ ಗಂಡುಗಳಿಗೆ ಇನ್ನೊಂದು ಮಾತು. ಬೂಸಾ, ಕಾಳು ಜಾಸ್ತಿ ತಿನ್ನುವ ಗಂಡಿಗೆ ರಂಜಕ ಮೊದಲೇ ಹೆಚ್ಚಾಗಿರುತ್ತದೆ. ಅದರ ಮೇಲೆ ರಂಜಕ ಜಾಸ್ತಿ ಇರುವ ಇಟ್ಟಿಗೆ ಕೊಟ್ಟರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಸುಣ್ಣದ ಅಂಶ ಎರಡು ಪಾಲಾದರೆ ರಂಜಕ ಒಂದು ಪಾಲು, ಇದೇ ಸರಿಯಾದ ಅಳತೆ.

ಇನ್ನು ಗಡಸುತನ. ಕುರಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ನಾಲಿಗೆಯಿಂದಲೇ ಕೆಲಸ. ಕಲ್ಲಿನ ಹಾಗಿರುವ ಇಟ್ಟಿಗೆಯಿಂದ ಅದಕ್ಕೆ ಏನೂ ಸಿಗುವುದಿಲ್ಲ, ಮುದಿ ಕುರಿಗಂತೂ ಕೇಳಲೇಬೇಡಿ. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿದ್ದರೆ ಅದು ಇನ್ನೂ ಅಪಾಯ. ನೆಕ್ಕುವ ಬದಲು ಕಚ್ಚಿ ತಿನ್ನುತ್ತವೆ.

ಚಿಕ್ಕ ಹಿಂಡಿಗೆ ಖನಿಜವನ್ನು ಪುಡಿಯಾಗಿಯೇ ಬಾನಿಯಲ್ಲಿ ಇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಕುರಿಗೆಂದೇ ಮಾಡಿದ ಖನಿಜ ಮಿಶ್ರಣ ಒಂದು ಪಾಲು, ಪುಡಿ ಉಪ್ಪು ಒಂದು ಪಾಲು, ಅಷ್ಟೇ. ಹೆಚ್ಚು ಕಡಿಮೆ ಮಾಡುವುದು ನಮ್ಮ ಕೈಯಲ್ಲಿರುತ್ತದೆ. ಮಿಶ್ರಣದಲ್ಲಿ ಮೊದಲೇ ಉಪ್ಪು ಎಷ್ಟಿದೆ ಅಂತ ಚೀಟಿಯಲ್ಲಿ ನೋಡಿಕೊಳ್ಳಿ. ಯೂರಿಯಾ ಮಾತ್ರ ಇಟ್ಟಿಗೆಯಲ್ಲೇ ಇರಲಿ. ಅದು ನಿಧಾನವಾಗಿ, ನಾಲಿಗೆಯ ಲೆಕ್ಕದಲ್ಲಿ ಹೋಗಬೇಕು. ಮೇವಿನ ಮೇಲೆ ಯೂರಿಯಾ ಚಿಮುಕಿಸುವುದು, ನೀರಿಗೆ ಬೆರೆಸುವುದು, ಮನೆಯಲ್ಲೇ ಕಾಕಂಬಿಗೆ ಅಂದಾಜಿನಲ್ಲಿ ಸುರಿದು ಕಲಸುವುದು, ಇವೆಲ್ಲ ಕೆಲಸ ಉಳಿಸಲು ಹೋಗಿ ಕುರಿ ಕಳೆದುಕೊಳ್ಳುವ ದಾರಿಗಳು. ಮನೆಯಲ್ಲಿ ಕಲಸಿದ್ದರಲ್ಲಿ ಒಂದೇ ಒಂದು ಯೂರಿಯಾ ಗಂಟು ಉಳಿದರೂ ಸಾಕು, ಅದು ಸಿಕ್ಕಿದ ಕುರಿ ಬದುಕುವುದಿಲ್ಲ.

ಮೂರನೆಯದು: ಜಾಗ

ಮೇಲೆ ಸೂರು ಬೇಕು, ಕೆಳಗೆ ಹಿಕ್ಕೆ ತಾಗಬಾರದು, ಕುರಿಯ ಎದೆಯ ಎತ್ತರದಲ್ಲಿರಬೇಕು, ಹಿಂಡು ಎಷ್ಟೇ ಚಿಕ್ಕದಿದ್ದರೂ ಎರಡು ಕಡೆ ಇಡಬೇಕು. ಒಂದೇ ಕಡೆ ಇಟ್ಟರೆ ಜೋರಿನ ಎರಡು ಕುರಿ ಅಲ್ಲೇ ನಿಂತು ಉಳಿದವನ್ನು ಗುಮ್ಮಿ ಓಡಿಸುತ್ತವೆ. ಸೂರಿನ ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಮಳೆನೀರು ಯೂರಿಯಾವನ್ನು ಕರಗಿಸಿ ಬಾನಿಯ ತಳದಲ್ಲಿ ನಿಲ್ಲುತ್ತದೆ, ಬಾಯಾರಿದ ಕುರಿ ಅದನ್ನು ಒಂದೇ ಉಸಿರಿಗೆ ಕುಡಿಯುತ್ತದೆ. ಬಾನಿಯ ತಳಕ್ಕೆ ತೂತು ಕೊರೆದಿಡಿ. ಒಳ್ಳೆಯ ನೀರು ಯಾವಾಗಲೂ ಸಿಗುತ್ತಿರಲಿ, ಆದರೆ ಇಟ್ಟಿಗೆಯ ಪಕ್ಕದಲ್ಲೇ ಬೇಡ, ಸ್ವಲ್ಪ ದೂರ ಇರಲಿ.

ನಾಲ್ಕನೆಯದು: ರೂಢಿ ಮಾಡಿಸುವುದು. ಎಡವುವುದೇ ಇಲ್ಲಿ

ಇಲ್ಲಿ ಅವಸರ ಮಾಡಿದವರನ್ನು ನಾನು ತುಂಬಾ ನೋಡಿದ್ದೇನೆ. ಒಂದು ಕಡೆ ಸಂಜೆ ಇಟ್ಟಿಗೆ ತಂದು, ಬೆಳಗಿನಿಂದ ಸರಿಯಾಗಿ ಮೇಯದೆ ಬಂದ ಕುರಿಗಳ ಮುಂದೆ ಬಿಚ್ಚಿಟ್ಟರು. ತಿಂಗಳುಗಳಿಂದ ಅವಕ್ಕೆ ಉಪ್ಪೇ ಕಂಡಿರಲಿಲ್ಲ. ಮುಗಿಬಿದ್ದವು. ರಾತ್ರಿ ಊಟದ ಹೊತ್ತಿಗೆ ಮೂರು ಕುರಿ ಹೊಟ್ಟೆ ಉಬ್ಬಿ ಸತ್ತಿದ್ದವು. ಅವರು ಬೇಜವಾಬ್ದಾರಿಯವರೇನೂ ಅಲ್ಲ, ಕುರಿಗೆ ಒಳ್ಳೆಯದಾಗಲಿ ಅಂತಲೇ ತಂದಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಅದಕ್ಕೇ ಮೊದಲ ವಾರ ಬರೀ ಉಪ್ಪು. ಪುಡಿ ಉಪ್ಪನ್ನು ಬಾನಿಯಲ್ಲಿಟ್ಟು ಮುಕ್ತವಾಗಿ ನೆಕ್ಕಲು ಬಿಡಿ, ಪಕ್ಕದಲ್ಲಿ ನೀರು ತುಂಬಾ ಇರಲಿ. ಮೊದಲೆರಡು ದಿನ ಜಗಳವಾಡುತ್ತವೆ, ಆಮೇಲೆ ಬಂದು ಎರಡು ಸಲ ನೆಕ್ಕಿ ಹೋಗುತ್ತವೆ. ಉಪ್ಪಿನ ಹಸಿವು ತೀರಿದೆ ಅಂತ ಅರ್ಥ. ತೀರುವ ಮೊದಲು ಯೂರಿಯಾ ಇಟ್ಟಿಗೆ ಹೊರಗೆ ಬರಬಾರದು. ಇಲ್ಲವಾದರೆ ಉಪ್ಪಿಗಾಗಿ ನೆಕ್ಕಿ ಯೂರಿಯಾ ತಿನ್ನುತ್ತವೆ.

ಎರಡನೇ ವಾರ ಇಟ್ಟಿಗೆ. ಬೆಳಿಗ್ಗೆ ಒಣಮೇವು ಹೊಟ್ಟೆ ತುಂಬಾ ತಿನ್ನಿಸಿ, ನೀರು ಕುಡಿಸಿ, ಮೆಲುಕು ಹಾಕಲು ಶುರು ಮಾಡಿದ ಮೇಲೆ ಇಟ್ಟಿಗೆ ಇಡಿ. ಮೊದಲ ಮೂರು ದಿನ 20 ನಿಮಿಷ. ಗಡಿಯಾರ ನೋಡಿ, ತೆಗೆದಿಡಿ. ಮುಂದಿನ ಮೂರು ದಿನ ಒಂದು ಗಂಟೆ. ಆಮೇಲೆ ಎರಡು ಗಂಟೆ, ಅರ್ಧ ದಿನ, ಹೀಗೆ ಹೆಚ್ಚಿಸುತ್ತಾ ಎರಡು ಮೂರು ವಾರದಲ್ಲಿ ಪೂರ್ತಿ ದಿನ ಬಿಡಬಹುದು. ಯೂರಿಯಾ ಹೊಟ್ಟೆಯಲ್ಲಿ ಬೇಗ ಅಮೋನಿಯಾ ಆಗುತ್ತದೆ, ಸೂಕ್ಷ್ಮಜೀವಿಗಳು ಅದನ್ನು ಅಷ್ಟೇ ಬೇಗ ಬಳಸಿಕೊಳ್ಳಬೇಕು, ಮಿಕ್ಕಿದ್ದು ರಕ್ತಕ್ಕೆ ಹೋದರೆ ವಿಷ. ಆ ಜೀವಿಗಳು ಪಳಗಲು ಇಷ್ಟು ದಿನ ಬೇಕು, ನಮ್ಮ ಅವಸರ ಅವಕ್ಕೆ ಗೊತ್ತಿಲ್ಲ. ಈ ದಿನಗಳಲ್ಲಿ ಹಸಿ ಸೋಯಾ ಕಾಳು ಕೊಡಬೇಡಿ, ಅದರಲ್ಲಿರುವ ಒಂದು ಕಿಣ್ವ ಯೂರಿಯಾವನ್ನು ಇನ್ನೂ ಬೇಗ ಒಡೆಯುತ್ತದೆ.

ಕೆಲವು ಕುರಿ ಹತ್ತಿರವೇ ಬರುವುದಿಲ್ಲ, ಅದರಲ್ಲೂ ಮೊದಲ ಸೂಲಿನ ಎಳೆಯವು. ಹಿಡಿದು ಬಾಯಿಗೆ ಉಜ್ಜುವವರಿದ್ದಾರೆ, ಅದು ಸುಮ್ನೆ ಹಿಂಸೆ. ರೂಢಿಯಿರುವ ಒಂದು ಹಳೆಯ ಕುರಿಯನ್ನು ಅವುಗಳ ಜೊತೆ ಬಿಡಿ. ನೋಡಿ ಕಲಿಯುತ್ತವೆ.

ಐದನೆಯದು: ತಕ್ಕಡಿ

ಈ ಲೇಖನ ಬರೆದದ್ದೇ ಈ ಹಂತಕ್ಕಾಗಿ. ಕೊಕ್ಕೆಗೆ ನೇತುಹಾಕಿ ತೂಗುವ ಸಣ್ಣ ತಕ್ಕಡಿ ಸಾಕು. ಇಟ್ಟಿಗೆ ಇಡುವ ದಿನ ತೂಕ ಬರೆದುಕೊಳ್ಳಿ. ನಾಲ್ಕು ದಿನ ಬಿಟ್ಟು, ಅದೇ ಹೊತ್ತಿಗೆ ಮತ್ತೆ ತೂಗಿ. ಕಡಿಮೆಯಾದ ಗ್ರಾಂಗಳನ್ನು ಕುರಿಗಳ ಸಂಖ್ಯೆಯಿಂದ, ಆಮೇಲೆ ದಿನಗಳಿಂದ ಭಾಗಿಸಿ. 3 ಕಿಲೋ ಇಟ್ಟಿಗೆ, 15 ಕುರಿ, ನಾಲ್ಕು ದಿನಕ್ಕೆ 600 ಗ್ರಾಂ ಉಳಿದಿದೆ ಅಂದುಕೊಳ್ಳಿ. 2,400 ಗ್ರಾಂ ಹೋಗಿದೆ, ಅಂದರೆ ಕುರಿಗೆ ದಿನಕ್ಕೆ 40 ಗ್ರಾಂ. ಇದು ಸರಿಯಾದ ದಾರಿ. ನೂರಕ್ಕೆ ಹತ್ತು ಪಾಲು ಯೂರಿಯಾ ಇರುವ ಇಟ್ಟಿಗೆಯಾದರೆ ದೊಡ್ಡ ಕುರಿಗೆ 100 ಗ್ರಾಂ ಮೇಲೆ ಹೋಗಲೇಬಾರದು. ನಾನಾದರೆ 80ಕ್ಕೇ ನಿಲ್ಲಿಸುತ್ತೇನೆ. ಚೀಟಿಯಲ್ಲಿ ಇದಕ್ಕಿಂತ ಕಡಿಮೆ ಹೇಳಿದ್ದರೆ ಚೀಟಿಯ ಮಾತೇ ಕೊನೆ. ಉಪ್ಪು ಖನಿಜದ ಪುಡಿ ದಿನಕ್ಕೆ 15ರಿಂದ 20 ಗ್ರಾಂ ಹೋದರೆ ಚೆನ್ನ. ಉಪ್ಪು ತೇವ ಹೀರುವುದರಿಂದ ಮಳೆಗಾಲದಲ್ಲಿ ಪುಡಿಯ ತೂಕ ಮೋಸ ಮಾಡುತ್ತದೆ. ಆಗ ಸ್ವಲ್ಪಸ್ವಲ್ಪವೇ ಹಾಕಿ, ಎಷ್ಟು ಹಾಕಿದಿರಿ ಅನ್ನುವುದನ್ನೇ ಲೆಕ್ಕವಿಡಿ.

ಆದರೆ ಈ 40 ಗ್ರಾಂ ಸರಾಸರಿ, ಅಲ್ವಾ? ಒಂದು ಕುರಿ 110 ನೆಕ್ಕಿ, ಇನ್ನೆರಡು ಮೂಸಿಯೂ ನೋಡದೆ ಇದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ವಾರಕ್ಕೊಂದು ಸಂಜೆ ಅರ್ಧ ಗಂಟೆ ದೊಡ್ಡಿಯ ಹತ್ತಿರ ಸುಮ್ಮನೆ ಕೂತು ನೋಡಿ. ಬಂದು ನೆಕ್ಕಿದ ಕುರಿಯ ಬೆನ್ನಿಗೆ ಬಣ್ಣದ ಗೆರೆ ಎಳೆಯಿರಿ. ಕೊನೆಗೆ ಗೆರೆಯಿಲ್ಲದವು ಯಾವುವು, ಜಾಗ ಬಿಡದೆ ನಿಂತದ್ದು ಯಾವುದು ಅಂತ ಬರೆದಿಡಿ. ಜಾಗ ಬಿಡದೆ ನಿಲ್ಲುವುದನ್ನು ಬೇರೆ ಕಟ್ಟಿ, ಅದಕ್ಕೆ ಗಂಟೆ ಲೆಕ್ಕದಲ್ಲಿ ಕೊಡಿ.

ಪುಡಿ ಜಾಸ್ತಿ ಹೋಗುತ್ತಿದ್ದರೆ ಉಪ್ಪಿನ ಪಾಲು ಹೆಚ್ಚಿಸಿ, ಕುರಿ ತಾನೇ ಹಿಂದೆ ಸರಿಯುತ್ತದೆ. ಕಡಿಮೆ ಹೋದರೆ ಒಂದು ಹಿಡಿ ಬೂಸಾ ಬೆರೆಸಿ. ಇಟ್ಟಿಗೆ ಜಾಸ್ತಿ ಹೋದರೆ ಗಂಟೆ ಕಡಿಮೆ ಮಾಡಿ, ಜೊತೆಗೆ ಮೇವು ಸಾಲುತ್ತಿದೆಯಾ ಅಂತ ನೋಡಿ. ಹಸಿದ ಕುರಿಯೇ ಇಟ್ಟಿಗೆಯನ್ನು ಊಟ ಮಾಡುವುದು.

ವಿಷವಾದರೆ

ನೆಕ್ಕಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಕಾಣುತ್ತದೆ. ಮೈ ನಡುಗುತ್ತದೆ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬುತ್ತದೆ, ಉಸಿರಿಗೆ ಒದ್ದಾಡುತ್ತದೆ. ಇಟ್ಟಿಗೆ ತೆಗೆಯಿರಿ, ಪಶುವೈದ್ಯರಿಗೆ ಫೋನ್ ಮಾಡಿ. ಕುರಿ ನಿಂತಿದ್ದು ನುಂಗುತ್ತಿದ್ದರೆ ಅರ್ಧದಿಂದ ಒಂದು ಲೀಟರ್ ವಿನೆಗರ್ ಅನ್ನು ತಣ್ಣೀರಿನ ಜೊತೆ ನಿಧಾನವಾಗಿ ಕುಡಿಸಿ, ಅದರ ಹುಳಿ ಅಮೋನಿಯಾ ರಕ್ತಕ್ಕೆ ಹೋಗುವುದನ್ನು ತಡೆಯುತ್ತದೆ. ಬಿದ್ದು ಒದ್ದಾಡುತ್ತಿರುವ ಕುರಿಗೆ ಬಾಯಲ್ಲಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೆ ನಳಿಕೆ ಹಾಕಲು ವೈದ್ಯರೇ ಬೇಕು. ಸಮಯ ತುಂಬಾ ಕಡಿಮೆ, ಆದ್ದರಿಂದ ವಿನೆಗರ್ ಬಾಟಲಿ ಮೊದಲೇ ತಂದು ದೊಡ್ಡಿಯ ಹತ್ತಿರ ಇಟ್ಟಿರಿ.

ನಿಲ್ಲಿಸುವುದು

ಹೊಸ ಹುಲ್ಲು ಚಿಗುರಿ ಕುರಿಗಳು ಹೊಟ್ಟೆ ತುಂಬಾ ಹಸಿರು ಮೇಯಲು ಶುರು ಮಾಡಿದ ಮೇಲೆ ಯೂರಿಯಾ ಇಟ್ಟಿಗೆ ತೆಗೆದುಬಿಡಿ, ಉಪ್ಪು ಖನಿಜದ ಬಾನಿ ಇರಲಿ. ಉಳಿದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೇಲಿನ ಅಟ್ಟದಲ್ಲಿಡಿ. ಕುದುರೆ, ಕೋಳಿ, ನಾಯಿ ಯಾವುದಕ್ಕೂ ಸಿಗಬಾರದು. ಮತ್ತೆ ಒಣಮೇವಿನ ಕಾಲ ಬಂದಾಗ, ಅಥವಾ ನಡುವೆ ನಾಲ್ಕೈದು ದಿನ ಇಟ್ಟಿಗೆ ತಪ್ಪಿದ್ದರೂ, ಹೋದ ಸಲ ಚೆನ್ನಾಗಿ ನೆಕ್ಕಿದ್ದವು ಅಂತ ನೇರವಾಗಿ ಮುಂದಿಡಬೇಡಿ. ಪಳಗಿದ ಸೂಕ್ಷ್ಮಜೀವಿಗಳು ಆ ನಾಲ್ಕೈದು ದಿನದಲ್ಲೇ ಕಡಿಮೆಯಾಗಿರುತ್ತವೆ. ಮತ್ತೆ ಹೊಟ್ಟೆ ತುಂಬಾ ಮೇವು, ಮತ್ತೆ ಆ 20 ನಿಮಿಷ.