ಪಿಒಎಂಸಿ ಒಂದೇ, ಕತ್ತರಿ ಜಾಗಕ್ಕೊಂದು: ನನ್ನ ಅನುಭವ

ಬೆಂಗಳೂರಲ್ಲಿ ಪಿಎಚ್‌ಡಿ ಮಾಡುವಾಗ ನಂದು ಇಲಿ ಮಿದುಳಿನ ಕೆಲಸ, ಪಿಒಎಂಸಿ ಅನ್ನೋ ಉದ್ದನೆ ಪ್ರೋಟೀನ್ ಯಾವ ಜಾಗದಲ್ಲಿ ಹೇಗೆ ತುಂಡಾಗತ್ತೆ ಅಂತ ನೋಡೋದು. ಎಸಿಟಿಎಚ್, ಆಲ್ಫಾ-ಎಂಎಸ್‌ಎಚ್, ಬೀಟಾ-ಎಂಡಾರ್ಫಿನ್ ಅನ್ನೋ ಹಾರ್ಮೋನಿನಂಥ ಚಿಕ್ಕ ತುಂಡುಗಳು (ಪೆಪ್ಟೈಡ್) ಎಲ್ಲಾ ಅದರೊಳಗಿಂದಾನೇ ಬರೋದು.

ಮೊದಲು ನಾನು ಮಿದುಳಿನ ತಳದ ಹೈಪೋಥಾಲಮಸ್, ಅದರ ಕೆಳಗೆ ನೇತಾಡೋ ಪಿಟ್ಯುಟರಿ ಗ್ರಂಥಿ ಎರಡನ್ನೂ ಅರೆದು ಸೀದಾ ಆರ್‌ಐಎ (ಬೇಕಾದ ಪೆಪ್ಟೈಡನ್ನ ಆಂಟಿಬಾಡಿಯಿಂದ ಹಿಡಿದು ಅಳೆಯೋ ರೇಡಿಯೋಇಮ್ಯುನೋಅಸೇ) ಹಾಕ್ದೆ, ಎರಡರಲ್ಲೂ ಎಸಿಟಿಎಚ್ ಸಿಕ್ತು, ಖುಷಿಯಿಂದ ಗೈಡ್ ಹತ್ರ ಹೋದೆ. ಮೇಡಂ ಕೇಳಿದ್ದು ಒಂದೇ, "ನಿನ್ನ ಆಂಟಿಬಾಡಿ ಹಿಡಿದಿದ್ದು ಎಸಿಟಿಎಚ್ಚೋ, ಅದನ್ನ ಹೊಟ್ಟೇಲಿಟ್ಕೊಂಡಿರೋ ಇಡೀ ಪಿಒಎಂಸಿನೋ, ಹೇಗ್ ಗೊತ್ತಮ್ಮ?" ಗೊತ್ತಿರ್ಲಿಲ್ಲ. ಎರಡು ತಿಂಗಳ ರೀಡಿಂಗ್ ಪಕ್ಕಕ್ಕಿಟ್ಟೆ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಮಿದುಳನ್ನ ಬೆಂಚ್ ಮೇಲಿಟ್ಟು ನಿಧಾನಕ್ಕೆ ಬಿಡಿಸ್ತಾ ಕೂತಿದ್ದೆ, ಪ್ರಾಣಿ ಸತ್ತಮೇಲೂ ಎನ್‌ಜೈಮ್‌ಗಳು ಕತ್ತರಿಸ್ತಾನೇ ಇರ್ತವೆ, ಹಾಗಾಗಿ ಯಾವ ತುಂಡು ಜೀವಂತ ಕೋಶ ಮಾಡಿದ್ದು, ಯಾವುದು ಆಮೇಲೆ ಆಗಿದ್ದು ಅಂತ ಹೇಳೋಕೇ ಬರಲ್ಲ. ಮುಂದೆ ತೆಗೆದ ತಕ್ಷಣ ಡ್ರೈ ಐಸ್, ಆಮೇಲೆ ಅಸಿಟಿಕ್ ಆಸಿಡ್‌ನಲ್ಲಿ 10 ನಿಮಿಷ ಬಿಸಿ ಮಾಡಿ ಎನ್‌ಜೈಮ್ ಕೆಡಿಸಿ, ಆಮೇಲೇ ಅರೆಯೋದು. ಗಾಜಿನ ಟ್ಯೂಬ್ ಬೇಡ, ಪೆಪ್ಟೈಡ್ ಗೋಡೆಗೆ ಅಂಟ್ಕೊಳತ್ತೆ.

ಆಮೇಲೆ ಸೆಫಡೆಕ್ಸ್ ಜಿ-50 ಕಾಲಮ್, ಅಂದ್ರೆ ತುಂಡುಗಳನ್ನ ಗಾತ್ರದ ಮೇಲೆ ಬೇರ್ಪಡಿಸೋ ಜೆಲ್ ತುಂಬಿದ ಕೊಳವೆ. ದೊಡ್ಡದು ಮೊದಲು ಇಳಿಯತ್ತೆ, ಚಿಕ್ಕದು ಕೊನೇಗೆ, ಇಳಿದಿದ್ದನ್ನ ಬೇರೆಬೇರೆ ಟ್ಯೂಬಲ್ಲಿ ಹಿಡಿದ ಒಂದೊಂದು ಫ್ರ್ಯಾಕ್ಷನ್‌ಗೂ ಬೇರೆಬೇರೆ ಆಂಟಿಬಾಡಿ ಹಾಕಿ ನೋಡ್ಬೇಕು. ರಾತ್ರಿಯಿಡೀ ಓಡತ್ತೆ, ಮೇ ತಿಂಗಳ ಮಳೇಲಿ ಕರೆಂಟ್ ಹೋಗಿ ಒಂದು ರನ್ ಪೂರ್ತಿ ಹಾಳಾದ್ಮೇಲೆ ಫ್ರ್ಯಾಕ್ಷನ್ ಹಿಡಿಯೋ ಕಲೆಕ್ಟರ್ ಯಂತ್ರಾನ ಯುಪಿಎಸ್‌ಗೆ ಹಾಕ್ಸಿದೆ.

ಆಗ ಚಿತ್ರ ಬಿಡಿಸ್ಕೊಳ್ತು ನೋಡಿ! ಪಿಟ್ಯುಟರಿಯ ಮುಂದಿನ ಲೋಬ್‌ನಲ್ಲಿ ಕತ್ತರಿ ಅಂದ್ರೆ ಪಿಸಿ1 ಎನ್‌ಜೈಮ್, ಅದು 39 ಅಮೈನೋ ಆಸಿಡ್‌ನ ಎಸಿಟಿಎಚ್‌ಗೆ ನಿಲ್ಲಿಸತ್ತೆ. ನಡುವಿನ ಲೋಬ್‌ನಲ್ಲಿ ಪಿಸಿ2 ಕೂಡ ಇದೆ, ಅದು ಆ ಎಸಿಟಿಎಚ್‌ನೇ ಮತ್ತೆ ಕತ್ತರಿಸತ್ತೆ, ಅದರ ಮೊದಲ 13 ಅಮೈನೋ ಆಸಿಡ್ಡೇ ಆಲ್ಫಾ-ಎಂಎಸ್‌ಎಚ್ ಆಗೋದು. ಹೈಪೋಥಾಲಮಸ್‌ನಲ್ಲೂ ಎರಡೂ ಕತ್ತರಿ ಇವೆ, ನಾನು ಎಸಿಟಿಎಚ್ ಅಂದ್ಕೊಂಡಿದ್ರಲ್ಲಿ ಸುಮಾರು ಭಾಗ ಕಾಲಮ್‌ನಿಂದ ಮೊದಲೇ ಇಳಿದುಬಿಡ್ತು, ಅಂದ್ರೆ ಇನ್ನೂ ತುಂಡಾಗದ ಪಿಒಎಂಸಿ. ಮೇಡಂ ಹೇಳಿದ್ದೇ ಸರಿ.

ಕಾಲಮ್‌ಗೂ ಕಾಣದ ವ್ಯತ್ಯಾಸ ಒಂದಿದೆ, ಅದಕ್ಕೆ ಎಚ್‌ಪಿಎಲ್‌ಸಿನೇ (ರಾಸಾಯನಿಕ ಗುಣದ ಸಣ್ಣ ವ್ಯತ್ಯಾಸದ ಮೇಲೂ ಬೇರ್ಪಡಿಸೋ ಯಂತ್ರ) ಬೇಕು. ನಡುವಿನ ಲೋಬ್‌ನಲ್ಲಿ ಬೀಟಾ-ಎಂಡಾರ್ಫಿನ್ ತುದಿಗೆ ಬಹುಪಾಲು ಅಸಿಟೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು ಸೇರ್ಕೊಂಡಿರತ್ತೆ, ಸೇರಿದ್ರೆ ಅದು ಓಪಿಯಾಯ್ಡ್ ರಿಸೆಪ್ಟರ್‌ಗೆ (ಮಾರ್ಫಿನ್ ಥರದ್ದು ಹೋಗಿ ಕೂರೋ ಜಾಗ) ಕೂರಲ್ಲ, ನೋವು ಕಮ್ಮಿ ಮಾಡೋ ಗುಣ ಹೋಯ್ತು. ಹೈಪೋಥಾಲಮಸ್‌ನಲ್ಲಿ ಸಿಗೋದು ಹೆಚ್ಚಾಗಿ ಅಸಿಟೈಲ್ ಇಲ್ಲದ 31 ಅಮೈನೋ ಆಸಿಡ್‌ನ ಪೂರ್ತಿ ರೂಪ, ಅದು ಕೂರತ್ತೆ. ಆರ್‌ಐಎಲಿ ಎರಡೂ ಬರೀ ಬೀಟಾ-ಎಂಡಾರ್ಫಿನ್ ಅಂತಾನೇ ಬರ್ತಿತ್ತು.