ಟೀ ಅಂದರೆ ಊಟ, ಬೇಡ ಅಂದರೆ ಬೇಡ

ಓದಲು ಉತ್ತರ ಇಂಗ್ಲೆಂಡಿನ ಲೀಡ್ಸ್‌ಗೆ ಹೋದಾಗ ಮೊದಲ ಕೆಲವು ತಿಂಗಳು ಒಂದು ಇಂಗ್ಲಿಷ್ ಕುಟುಂಬದ ಜೊತೆಗಿದ್ದೆ. ಮೊದಲ ರಾತ್ರಿಯೇ ಅರೆಹೊಟ್ಟೆಯಲ್ಲಿ ಮಲಗಿದೆ. ತಪ್ಪು ಅವರದಲ್ಲ. ಮನೆಯಾಕೆ ಆಲೂಗಡ್ಡೆಯ ಪಾತ್ರೆ ಹಿಡಿದು, ಇನ್ನೂ ಸ್ವಲ್ಪ ಬೇಕಾ ಅಂತ ಕೇಳಿದರು. ನಮ್ಮ ರೂಢಿಯಂತೆ "ಬೇಡ, ಸಾಕು" ಅಂದೆ. ಇನ್ನೊಂದು ಸಲ ಕೇಳುತ್ತಾರಲ್ಲ, ಆಗ ಹಾಕಿಸಿಕೊಂಡರಾಯಿತು ಅನ್ನುವ ಲೆಕ್ಕ. ಅವರು ಪಾತ್ರೆ ಮುಚ್ಚಿ ಫ್ರಿಜ್‌ನಲ್ಲಿಟ್ಟರು.

ಅಲ್ಲಿ ಬೇಡ ಅಂದರೆ ಬೇಡ. ಒತ್ತಾಯ ಮಾಡಿ ಬಡಿಸುವುದು ನಮಗೆ ಪ್ರೀತಿ. ಅವರ ಲೆಕ್ಕದಲ್ಲಿ ಅದು ನಿಮ್ಮ ಮಾತು ಕೇಳಿಸಿಕೊಳ್ಳದ ಹಾಗೆ. ಬೇಕಿದ್ದರೆ ಮೊದಲ ಸಲವೇ "ಯೆಸ್ ಪ್ಲೀಸ್" ಅನ್ನಿ. ಸಾಕಿದ್ದರೆ "ನೋ ಥ್ಯಾಂಕ್ಯೂ". ಬರೀ "ನೋ" ಅಂದರೆ ಒರಟಾಗಿ ಕೇಳಿಸುತ್ತದೆ.

ಇನ್ನು ಊಟದ ಹೆಸರುಗಳು. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ "ಟೀ" ಅಂದರೆ ಸಂಜೆಯ ಊಟ, "ಡಿನ್ನರ್" ಅಂದರೆ ಮಧ್ಯಾಹ್ನದ್ದು. ದಕ್ಷಿಣದಲ್ಲಿ ಡಿನ್ನರ್ ಸಾಮಾನ್ಯವಾಗಿ ರಾತ್ರಿಯದೇ. "ಟೀ ಅಟ್ ಹಾಫ್ ಫೈವ್" ಅಂದಾಗ ನಾನು ಬಿಸ್ಕತ್ತು ಕೊಡುತ್ತಾರೇನೋ ಅಂದುಕೊಂಡಿದ್ದೆ. ಹಾಫ್ ಫೈವ್ ಅಂದರೆ ನಾಲ್ಕೂವರೆ ಅಲ್ಲ, ಐದೂವರೆ. ಆ ಹೊತ್ತಿಗೆ ಪೂರ್ತಿ ಊಟ ಮೇಜಿನ ಮೇಲಿರುತ್ತದೆ. ಆರಾದ ಮೇಲೆ ಬಂದರೆ ತಣ್ಣಗಾದ ತಟ್ಟೆ, ಅಷ್ಟೇ. ತಡವಾಗುವುದಾದರೆ ಮೊದಲೇ ಒಂದು ಮೆಸೇಜ್ ಹಾಕಿ, ನಿಮ್ಮ ಪಾಲು ಎತ್ತಿಡುತ್ತಾರೆ. "ಪುಡಿಂಗ್" ಅಂದರೆ ಊಟದ ಕೊನೆಯ ಸಿಹಿ, ಯಾವುದೇ ಸಿಹಿ ಇರಲಿ. ಆದರೆ ಯಾರ್ಕ್‌ಶೈರ್ ಪುಡಿಂಗ್ ಸಿಹಿಯಲ್ಲ, ಊಟದ ಜೊತೆಗೇ ಬಡಿಸುವ, ಓವನ್‌ನಲ್ಲಿ ಉಬ್ಬಿಸಿದ ಹಿಟ್ಟಿನ ತಿನಿಸು. ನಾವು ಚಿಪ್ಸ್ ಅನ್ನುವುದು ಅಲ್ಲಿ ಕ್ರಿಸ್ಪ್ಸ್.

ಸಸ್ಯಾಹಾರಿಗಳು ಹೋಗುವ ಮೊದಲೇ ಬರೆದು ತಿಳಿಸುವುದು ಒಳ್ಳೆಯದು, ಅದೂ ಬಿಡಿಸಿ. ಸುಮ್ನೆ "ವೆಜಿಟೇರಿಯನ್" ಅಂದರೆ ಅವರ ಲೆಕ್ಕದಲ್ಲಿ ಮೊಟ್ಟೆ ನಡೆಯುತ್ತದೆ, ಮೀನೂ ತಿನ್ನಬಹುದು ಅಂದುಕೊಳ್ಳುವವರಿದ್ದಾರೆ. ಮಾಂಸ, ಕೋಳಿ, ಮೀನು, ಮೊಟ್ಟೆ ತಿನ್ನುವುದಿಲ್ಲ, ಹಾಲು-ಚೀಸ್ ತಿನ್ನುತ್ತೇನೆ ಅಂತ ಒಂದೊಂದಾಗಿ ಹೇಳಿ. ಭಾನುವಾರದ ರೋಸ್ಟ್, ಅಂದರೆ ಓವನ್‌ನಲ್ಲಿ ಹುರಿದ ಮಾಂಸ, ಆಲೂಗಡ್ಡೆ, ತರಕಾರಿಯ ಊಟ ಇರುವ ದಿನ ಮಾಂಸ ಬಿಟ್ಟು ಉಳಿದದ್ದು ತಿಂದರಾಯಿತು ಅಂದುಕೊಳ್ಳುವ ಹಾಗೂ ಇಲ್ಲ. ಗ್ರೇವಿ ಸಾಮಾನ್ಯವಾಗಿ ಮಾಂಸದ ರಸದ್ದು. ಆಲೂಗಡ್ಡೆಯನ್ನು ದನದ ಅಥವಾ ಬಾತುಕೋಳಿಯ ಕೊಬ್ಬಿನಲ್ಲಿ ಹುರಿದಿರಬಹುದು. ಯಾರ್ಕ್‌ಶೈರ್ ಪುಡಿಂಗ್ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಬಣ್ಣಬಣ್ಣದ ಜೆಲ್ಲಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್, ವೂಸ್ಟರ್ ಸಾಸ್‌ನಲ್ಲಿ ಮೀನು. ಕ್ವಾರ್ನ್ ಹೆಸರಿನ ಸಸ್ಯಾಹಾರಿ ತಿಂಡಿಗಳಲ್ಲೂ ಮೊಟ್ಟೆಯ ಬಿಳಿ ಸೇರಿರುವುದು ಜಾಸ್ತಿ. ಪ್ಯಾಕೆಟ್ ತಿರುಗಿಸಿ ಓದಿ. ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ, ಸಾಮಾನ್ಯವಾಗಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡುತ್ತಾರೆ. ಮೊಟ್ಟೆ, ಮೀನು ಆ ಪಟ್ಟಿಯಲ್ಲಿವೆ. ಜೆಲಟಿನ್ ಇಲ್ಲ, ಅದನ್ನು ನೀವೇ ಹುಡುಕಬೇಕು.

ಇಷ್ಟೆಲ್ಲ ಹೇಳಿದರೆ ಬೇಜಾರಾಗುತ್ತಾರೇನೋ ಅಂತ ಹಿಂಜರಿಯಬೇಡಿ. ಬಡಿಸಿದ ಮೇಲೆ ಮುಟ್ಟದೆ ಕೂತರೆ ಬೇಜಾರು ಇನ್ನೂ ಜಾಸ್ತಿ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದ ಆಲೂಗಡ್ಡೆ (ಜಾಕೆಟ್ ಪೊಟೇಟೊ), ಟೋಸ್ಟ್ ಮೇಲೆ ಬೇಕ್ಡ್ ಬೀನ್ಸ್, ಹೂಕೋಸಿಗೆ ಚೀಸ್ ಸಾಸ್ ಹಾಕಿ ಬೇಯಿಸಿದ್ದು, ಇವೆಲ್ಲ ಅವರಿಗೂ ಸುಲಭ. ಸಪ್ಪೆ ಅನ್ನಿಸಿದರೆ ಉಪ್ಪು, ಕಾಳುಮೆಣಸಿನ ಪುಡಿ ಮೇಜಿನ ಮೇಲೇ ಇರುತ್ತವೆ. ಮೊದಲು ಒಂದು ತುತ್ತು ತಿಂದು, ಆಮೇಲೆ ಹಾಕಿಕೊಳ್ಳಿ. ನಾನು ಊರಿಂದ ತಂದ ಚಟ್ನಿಪುಡಿಯ ಡಬ್ಬಿಯನ್ನು ಮೊದಲ ವಾರ ಕೋಣೆಯಲ್ಲಿ ಬಚ್ಚಿಟ್ಟಿದ್ದೆ. ಎರಡನೇ ವಾರ ಅದೂ ಮೇಜಿಗೆ ಬಂತು.

ಫೋರ್ಕ್ ಎಡಗೈಗೆ, ಚಾಕು ಬಲಗೈಗೆ. ಊಟ ಮುಗಿದಾಗ ಎರಡನ್ನೂ ಜೋಡಿಸಿ ತಟ್ಟೆಯಲ್ಲಿಡಿ. ಬೇರೆಬೇರೆಯಾಗಿ ಇಟ್ಟರೆ ಇನ್ನೂ ತಿನ್ನುತ್ತಿದ್ದೀರಿ ಅಂತ ಅರ್ಥ. ತೇಗು ಬಂದರೆ ತಡೆದುಕೊಳ್ಳಿ. ಎದ್ದ ಮೇಲೆ ತಟ್ಟೆ ಸಿಂಕಿಗೆ ಒಯ್ಯಿರಿ, ತೊಳೆಯಲು ಕೈಜೋಡಿಸಲಾ ಅಂತ ಕೇಳಿ. ದುಡ್ಡು ಕೊಟ್ಟು ಇರುವುದಾದರೂ ಅದು ಹೋಟೆಲಲ್ಲ. ನಿಮಗೆ ಚಹಾ ಬೇಕೆನಿಸಿದರೆ ಮನೆಯಲ್ಲಿರುವ ಎಲ್ಲರನ್ನೂ ಕೇಳಿ ಕೆಟಲ್ ಇಡಿ. ತನ್ನೊಬ್ಬನಿಗೇ ಮಾಡಿಕೊಳ್ಳುವವನನ್ನು ಅಲ್ಲಿ ಯಾರೂ ಮೆಚ್ಚುವುದಿಲ್ಲ.

ಐರ್ಲೆಂಡಿನಲ್ಲಿ ಕತೆ ಸ್ವಲ್ಪ ಬೇರೆ. ಆಮೇಲೆ ಕಾರ್ಕ್‌ನ ಒಂದು ಮನೆಯಲ್ಲಿದ್ದೆ. ಇಂಗ್ಲೆಂಡಿನ ಪಾಠ ನೆನಪಿಟ್ಟುಕೊಂಡು ಚಹಾ ಬೇಡ ಅಂದೆ. "ಆಹ್, ಗೋ ಆನ್" ಅಂತ ಮನೆಯ ಅಜ್ಜಿ ಮೂರು ಸಲ ಕೇಳಿದರು. ಕೊನೆಗೆ ಕಪ್ಪು ಬಂದೇ ಬಂತು, ಜೊತೆಗೆ ಬೆಣ್ಣೆ ಸವರಿದ ಬ್ರೌನ್ ಬ್ರೆಡ್. ನಮ್ಮೂರೇ ಅಲ್ವಾ ಅನ್ನಿಸಿತು. ಅಲ್ಲಿ ಕಪಾಟಿಗೆ "ಪ್ರೆಸ್" ಅನ್ನುತ್ತಾರೆ. ಲೋಟ ಪ್ರೆಸ್‌ನಲ್ಲಿದೆ ಅಂದರೆ ಇಸ್ತ್ರಿಪೆಟ್ಟಿಗೆ ಹುಡುಕಬೇಡಿ.

ಒಂದು ದಿನ ನೀವೂ ಅಡುಗೆ ಮಾಡಿ. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆಗೆಯಿರಿ, ಇಲ್ಲದಿದ್ದರೆ ಮೆಣಸಿನಕಾಯಿ ಘಾಟಿನ ಜೊತೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ. ಲೀಡ್ಸ್ ಮನೆಯಲ್ಲಿ ಚಿತ್ರಾನ್ನ ಮಾಡಿದ ದಿನ ಯಜಮಾನರು ಸಾಕು ಅಂದರೂ ಬಿಡದೆ ಎರಡು ಸಲ ಬಡಿಸಿದೆ. ತಟ್ಟೆಯಲ್ಲಿ ಬಿಟ್ಟರೆ ನನಗೆ ಬೇಜಾರಾದೀತು ಅಂತ ಪಾಪ ಅಷ್ಟನ್ನೂ ತಿಂದರು. ಆಮೇಲೆ ಮೆಲ್ಲಗೆ ಕೇಳಿದರು: ನಿಮ್ಮ ಕಡೆ ಬಡಿಸುವವರನ್ನು ನಿಲ್ಲಿಸುವುದು ಹೇಗೆ? ಎಲೆಗೆ ಕೈ ಅಡ್ಡ ಹಿಡಿಯುವುದನ್ನು ತೋರಿಸಿಕೊಟ್ಟೆ. ಮುಂದಿನ ಸಲ ನಾನು ಸೌಟು ಎತ್ತುವ ಮೊದಲೇ ಅವರ ಎರಡೂ ಕೈ ತಟ್ಟೆಯ ಮೇಲಿದ್ದವು.